ವೈರಸ್ ಹೊಕ್ಕ ಕಂಪ್ಯೂಟರ್: ಯಾವುದು ಮೊದಲು, ಯಾವುದು ಆಮೇಲೆ

ಬೆಳಿಗ್ಗೆ ಏಳಕ್ಕೆ ತುಮಕೂರಿನಿಂದ ಮಾವ ಫೋನ್ ಮಾಡಿದರು. "ಕಂಪ್ಯೂಟರ್‌ನಲ್ಲಿ ಒಂದು ಫೋಟೊನೂ ತೆರೀತಿಲ್ಲ ಕಣಪ್ಪ. ಎಲ್ಲಾದರ ಮೇಲೂ ಬರೀ ಬಿಳಿ ಹಾಳೆ ಚಿತ್ರ ಬಂದಿದೆ. ನಿನ್ನೆ ರಾತ್ರಿವರೆಗೂ ಸರಿಯಾಗೇ ಇತ್ತು." ಹಿಂದೆ ಅತ್ತೆ, ಮೊಮ್ಮಗಳ ನಾಮಕರಣದ ಫೋಟೊ ಇದೆಯಾ ನೋಡಿ ಅನ್ನುವುದು ಕೇಳಿಸುತ್ತಿತ್ತು. "ಮಾವ, ನೆಟ್ಟಿನ ವೈರು ಕಿತ್ತುಬಿಡಿ. ಕಂಪ್ಯೂಟರ್ ಆಫ್ ಮಾಡಿ. ನಾನು ಬರೋವರೆಗೂ ಯಾರೂ ಆನ್ ಮಾಡಬೇಡಿ" ಅಂದೆ. "ಹಳೇ ಫೋಟೊ ಎಲ್ಲಾ ಆ ಬಿಡಿ ಹಾರ್ಡ್‌ಡಿಸ್ಕ್‌ನಲ್ಲಿದೆಯಲ್ಲ, ಅದನ್ನ ಹಾಕಿ ನೋಡ್ಲಾ?" ಅಂತ ಕೇಳಿದರು. ಬೇಡವೇ ಬೇಡ ಅಂದೆ. ಆ ಮನೆಯ ಹದಿನೈದು ವರ್ಷದ ಚಿತ್ರಗಳು ಉಳಿದದ್ದು ಆ ಒಂದು ಮಾತಿನಿಂದ.

ಕಂಪ್ಯೂಟರ್ ಹೀಗೆ ಕೈಕೊಟ್ಟಾಗ ಜನ ಮೊದಲು ಮಾಡುವ ಮೂರು ಕೆಲಸಗಳು ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಒಂದೇ. ಇದ್ದ ಆಂಟಿವೈರಸ್ ಜೊತೆಗೆ ಇನ್ನೊಂದನ್ನು ಇಳಿಸಿಕೊಳ್ಳುತ್ತಾರೆ. ದುಡ್ಡು ಹೋಯಿತೇನೋ ಎಂಬ ಭಯಕ್ಕೆ ಅದೇ ಕಂಪ್ಯೂಟರ್‌ನಲ್ಲಿ ಬ್ಯಾಂಕಿನ ಖಾತೆ ತೆರೆದು ನೋಡುತ್ತಾರೆ. ಇರುವಷ್ಟನ್ನಾದರೂ ಉಳಿಸಿಕೊಳ್ಳೋಣ ಎಂದು ಪೆನ್‌ಡ್ರೈವನ್ನೋ ಬ್ಯಾಕಪ್ ಡಿಸ್ಕನ್ನೋ ಚುಚ್ಚುತ್ತಾರೆ. ಮೂರೂ ಒಳ್ಳೆಯ ಮನಸ್ಸಿನಿಂದ ಮಾಡುವ ಕೆಲಸಗಳೇ. ಆದರೆ ಮೊದಲನೆಯದು ಸುಸ್ತಾದ ಯಂತ್ರವನ್ನು ಇನ್ನಷ್ಟು ಸುಸ್ತು ಮಾಡುತ್ತದೆ, ಎರಡನೆಯದು ಪಾಸ್‌ವರ್ಡನ್ನು ಕಳ್ಳನ ಕೈಗೆ ಕೊಡುತ್ತದೆ, ಮೂರನೆಯದು ಉಳಿದಿದ್ದ ಒಂದೇ ಪ್ರತಿಯನ್ನೂ ಕಳೆಯುತ್ತದೆ. ನೆಂಟರು, ಅಕ್ಕಪಕ್ಕದವರ ಕಂಪ್ಯೂಟರ್‌ಗಳನ್ನು ಸರಿಮಾಡುತ್ತ ಬಂದ ನನಗೆ ಗೊತ್ತಾಗಿದ್ದು ಇಷ್ಟು: ಈ ಕೆಲಸಕ್ಕೆ ಭಾರೀ ವಿದ್ಯೆ ಬೇಕಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಗೊತ್ತಿರಬೇಕು.

ಮೊದಲ ಕೆಲಸ ನೆಟ್ ಕಡಿಯುವುದು. ವೈಫೈ ಆಗಿದ್ದರೆ ರೂಟರನ್ನೇ ಆರಿಸಿ. ಒಳಗೆ ಕುಳಿತಿರುವುದು ಏನೇ ಇರಲಿ, ಕದ್ದ ಮಾಲನ್ನು ಹೊರಗೆ ಸಾಗಿಸಲು, ಹೊಸ ಆದೇಶ ಪಡೆಯಲು, ಮನೆಯ ಇನ್ನೊಂದು ಕಂಪ್ಯೂಟರ್‌ಗೆ ದಾಟಲು ಅದಕ್ಕೆ ದಾರಿ ಬೇಕು. ಫೈಲ್‌ಗಳು ಕಣ್ಣೆದುರೇ ಹೆಸರು ಬದಲಿಸುತ್ತಿದ್ದರೆ ಶಟ್‌ಡೌನ್ ಆಗಲೆಂದು ಕಾಯಬೇಡಿ, ಪವರ್ ಬಟನ್ ಒತ್ತಿ ಹಿಡಿದು ಆರಿಸಿಬಿಡಿ.

ನಿಜಕ್ಕೂ ವೈರಸ್ಸೇ?

"ವೈರಸ್ ಬಂದಿದೆ" ಎಂದು ನನ್ನ ಬಳಿ ಬರುವ ಎಷ್ಟೋ ಕಂಪ್ಯೂಟರ್‌ಗಳಲ್ಲಿ ವೈರಸ್ ಇರುವುದಿಲ್ಲ. ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಸಾಯುವ ಹೊತ್ತಿಗೂ ಲಕ್ಷಣ ಹೀಗೇ: ಆನ್ ಆಗಲು ಹತ್ತು ನಿಮಿಷ, ಫೋಲ್ಡರ್ ತೆರೆಯಲು ಒಂದು ನಿಮಿಷ, ನಡುವೆ ಹ್ಯಾಂಗ್. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಏನೂ ಕೆಲಸ ನಡೆಯದಿದ್ದರೂ ಡಿಸ್ಕ್ ಎಂಬ ಕಾಲಂ 100% ಎಂದೇ ನಿಂತಿದ್ದರೆ, ಕಿವಿಗೊಟ್ಟರೆ ಡಬ್ಬದಿಂದ ಟಿಕ್ ಟಿಕ್ ಸದ್ದು ಬಂದರೆ, ಅನುಮಾನ ಡಿಸ್ಕಿನ ಮೇಲಿರಲಿ. ಅಂಥದರ ಮೇಲೆ ಗಂಟೆಗಟ್ಟಲೆ ವೈರಸ್ ಸ್ಕ್ಯಾನ್ ಓಡಿಸಿದರೆ ಇರುವ ಉಸಿರೂ ಹೋಗುತ್ತದೆ. ಮೊದಲು ಫೈಲ್‌ಗಳನ್ನು ಹೊರಗೆ ತೆಗೆಯಬೇಕು.

ಇನ್ನೊಂದು ಬಗೆ, ಪರದೆಯ ಬಲಮೂಲೆಯಲ್ಲಿ "ನಿಮ್ಮ ಕಂಪ್ಯೂಟರ್‌ನಲ್ಲಿ ಐದು ವೈರಸ್ ಸಿಕ್ಕಿವೆ" ಎಂದು ಪದೇಪದೇ ಬಂದು ಹೆದರಿಸುವುದು. ಯಾವುದೋ ಸೈಟ್ ತೆರೆದಾಗ "ಅಲೋ" ಎಂಬ ಬಟನ್ ಒತ್ತಿರುತ್ತೀರಿ, ಅದು ಬ್ರೌಸರ್‌ನ ನೋಟಿಫಿಕೇಶನ್. ಬ್ರೌಸರ್ ಸೆಟ್ಟಿಂಗ್ಸ್‌ನಲ್ಲಿ ಆ ಸೈಟಿಗೆ ಕೊಟ್ಟ ಅನುಮತಿ ಕಿತ್ತರೆ ಎರಡು ನಿಮಿಷದಲ್ಲಿ ಮುಗಿಯಿತು. ಪರದೆ ಪೂರ್ತಿ ಆವರಿಸಿ, ಜೋರು ದನಿಯಲ್ಲಿ ಎಚ್ಚರಿಸಿ, "ಈ ನಂಬರಿಗೆ ಫೋನ್ ಮಾಡಿ" ಎನ್ನುವುದೂ ಸಾಮಾನ್ಯವಾಗಿ ಬರೀ ಒಂದು ವೆಬ್ ಪುಟ. ಎಸ್ಕೇಪ್ ಕೀ ಒತ್ತಿ ಹಿಡಿಯಿರಿ, ಇಲ್ಲವೇ ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರ್ ಮುಚ್ಚಿ. ಅಪಾಯ ಇರುವುದು ಆ ನಂಬರಿಗೆ ಫೋನ್ ಮಾಡುವುದರಲ್ಲಿ. ಆ ಕಡೆಯವರು ದೂರದಿಂದಲೇ ಕಂಪ್ಯೂಟರ್ ಹಿಡಿತಕ್ಕೆ ತೆಗೆದುಕೊಳ್ಳುವ ಆಪ್ ಹಾಕಿಸಿ, ನಿಮ್ಮ ಕೈಯಿಂದಲೇ ಬಾಗಿಲು ತೆಗೆಸುತ್ತಾರೆ.

ಪೆನ್‌ಡ್ರೈವ್ ಕತೆಯೂ ಹೇಳಬೇಕು. ಜೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್‌ಡ್ರೈವ್‌ನಲ್ಲಿ ಫೋಲ್ಡರ್‌ಗಳೆಲ್ಲ ಹೋಗಿ ಬಾಗಿದ ಬಾಣದ ಗುರುತಿನ ಶಾರ್ಟ್‌ಕಟ್‌ಗಳು ಕುಳಿತಿರುತ್ತವೆ. ಫೈಲ್‌ಗಳು ಹೋಗಿಲ್ಲ, ಅವಕ್ಕೆ ಮುಸುಕು ಹಾಕಲಾಗಿದೆ ಅಷ್ಟೆ. ಶಾರ್ಟ್‌ಕಟ್ ಮೇಲೆ ಕ್ಲಿಕ್ ಮಾಡಿದರೆ ವೈರಸ್ ಮೊದಲು ಓಡಿ, ಆಮೇಲೆ ಅನುಮಾನ ಬರದಂತೆ ನಿಜವಾದ ಫೋಲ್ಡರನ್ನೂ ತೆರೆದು ತೋರಿಸುತ್ತದೆ. ಕ್ಲಿಕ್ ಮಾಡದೆ, ಫೋಲ್ಡರ್ ಆಯ್ಕೆಗಳಲ್ಲಿ ಅಡಗಿದ ಫೈಲ್‌ಗಳನ್ನೂ ಸಿಸ್ಟಂ ಫೈಲ್‌ಗಳನ್ನೂ ತೋರಿಸುವಂತೆ ಮಾಡಿದರೆ ನಿಮ್ಮದೆಲ್ಲ ಅಲ್ಲೇ ಇರುವುದು ಕಾಣುತ್ತದೆ.

ಬೇಲಿಯೇ ಎದ್ದು ಹೊಲ ಮೇಯ್ದಾಗ

ನಿಜವಾದ ಮಾಲ್‌ವೇರ್, ಅಂದರೆ ವೈರಸ್ ಮತ್ತು ಅಂಥದೇ ಕೇಡು ಮಾಡುವ ಸಾಫ್ಟ್‌ವೇರ್, ಹೊಕ್ಕಿದ್ದರೆ ಒಂದು ವಿಷಯ ಮನಸ್ಸಿಗೆ ತಂದುಕೊಳ್ಳಬೇಕು, ಮುಂದಿನ ಎಲ್ಲ ಹೆಜ್ಜೆಗೂ ಇದೇ ಬುನಾದಿ. ಸೋಂಕು ತಗುಲಿದ ಕಂಪ್ಯೂಟರ್ ತನ್ನ ಬಗ್ಗೆ ಹೇಳುವ ಯಾವ ಮಾತನ್ನೂ ನಂಬುವಂತಿಲ್ಲ. ಆಂಟಿವೈರಸ್ ಕೂಡ ಅದೇ ವಿಂಡೋಸ್ ಮೇಲೆ ಓಡುವ ಒಂದು ಪ್ರೋಗ್ರಾಂ. ಅಡ್ಮಿನಿಸ್ಟ್ರೇಟರ್ ಅಧಿಕಾರ ಸಿಕ್ಕ ಮಾಲ್‌ವೇರ್ ಅದರ ಕಣ್ಣು ಕಟ್ಟಬಲ್ಲದು.

ಹೇಗೆಂದು ನೋಡಬೇಕಾದರೆ ವಿಂಡೋಸ್ ಸೆಕ್ಯುರಿಟಿ ತೆರೆದು, ವೈರಸ್ ರಕ್ಷಣೆಯ ಸೆಟ್ಟಿಂಗ್ಸ್‌ನ ತಳಕ್ಕೆ ಹೋಗಿ, ಎಕ್ಸ್‌ಕ್ಲೂಷನ್ಸ್ ಎಂಬ ಪಟ್ಟಿ ನೋಡಿ. "ಇವನ್ನು ಪರೀಕ್ಷಿಸಬೇಡ" ಎಂದು ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಆದ ಡಿಫೆಂಡರ್‌ಗೆ ಹೇಳಿಟ್ಟ ಜಾಗಗಳು ಅಲ್ಲಿರುತ್ತವೆ. ಮಾಮೂಲು ಮನೆಯ ಕಂಪ್ಯೂಟರ್‌ನಲ್ಲಿ ಅದು ಖಾಲಿ ಇರಬೇಕು. ಒಮ್ಮೆ ಒಬ್ಬರ ಲ್ಯಾಪ್‌ಟಾಪ್‌ನಲ್ಲಿ ಅಲ್ಲಿ ಇಡೀ ಸಿ ಡ್ರೈವ್ ಸೇರಿತ್ತು. ಡಿಫೆಂಡರ್ ದಿನಾ ಹಸಿರು ಟಿಕ್ ತೋರಿಸುತ್ತಿತ್ತು, ಅದು ಸುಳ್ಳೂ ಅಲ್ಲ. ನೋಡಬೇಡ ಅಂದಲ್ಲಿ ನೋಡಿರಲಿಲ್ಲ, ನೋಡಿದಲ್ಲಿ ಏನೂ ಇರಲಿಲ್ಲ.

ಫೈಲ್ ಅಳಿಸಿದರೂ ಮತ್ತೆ ಹುಟ್ಟುವುದು ಏಕೆ ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಹೊಲದಲ್ಲಿ ಜೇಕು ಕಿತ್ತವರಿಗೆ ಗೊತ್ತು, ಮೇಲಿನ ಎಲೆ ಎಷ್ಟು ಕಿತ್ತರೂ ಮಣ್ಣಿನೊಳಗಿನ ಗೆಡ್ಡೆ ಉಳಿದರೆ ವಾರದಲ್ಲಿ ಮತ್ತೆ ಚಿಗುರುತ್ತದೆ. ಮಾಲ್‌ವೇರ್‌ನ ಗೆಡ್ಡೆಗಳು ಇರುವ ಜಾಗ ಹಲವು. ಕಂಪ್ಯೂಟರ್ ಆನ್ ಆದಾಗ ತಾನಾಗಿ ಓಡುವ ಪ್ರೋಗ್ರಾಂಗಳ ಪಟ್ಟಿ, ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿರುವ ರನ್ ಎಂಬ ನಮೂದುಗಳು, ಹಿನ್ನೆಲೆಯ ಸರ್ವಿಸ್‌ಗಳು, ಬ್ರೌಸರ್ ಎಕ್ಸ್‌ಟೆನ್ಷನ್‌ಗಳು. ಎಲ್ಲಕ್ಕಿಂತ ಹೆಚ್ಚು ಜನ ಮರೆಯುವುದು ಟಾಸ್ಕ್ ಶೆಡ್ಯೂಲರ್. "ಇಷ್ಟು ಹೊತ್ತಿಗೊಮ್ಮೆ ಈ ಫೈಲ್ ಓಡಿಸು" ಎಂದು ಅಲ್ಲಿ ಬರೆದಿಟ್ಟರೆ ಸಾಕು. ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ಆಟೋರನ್ಸ್ ಎಂಬ ಪುಟ್ಟ ಸಾಧನ ಈ ಜಾಗಗಳನ್ನೆಲ್ಲ ಒಂದೇ ಪಟ್ಟಿಯಲ್ಲಿ ತೋರಿಸುತ್ತದೆ. ಕಲಿಯುವ ಆಸೆ ಇದ್ದವರು ಒಳ್ಳೆಯ ಕಂಪ್ಯೂಟರ್‌ನಲ್ಲೇ ಅದನ್ನು ಒಮ್ಮೆ ತೆರೆದು ನೋಡಿಟ್ಟುಕೊಳ್ಳಿ. ಸರಿ ಇದ್ದಾಗ ಹೇಗಿರುತ್ತದೆ ಎಂದು ಗೊತ್ತಿದ್ದರೆ ತಾನೆ ಕೆಟ್ಟಾಗ ಕಣ್ಣಿಗೆ ಬೀಳುವುದು?

ಹೋಸ್ಟ್ಸ್ ಎಂಬ ಚಿಕ್ಕ ಫೈಲೂ ಒಂದಿದೆ, ಯಾವ ಸೈಟಿನ ಹೆಸರು ಯಾವ ವಿಳಾಸಕ್ಕೆ ಹೋಗಬೇಕು ಎಂದು ಬರೆದಿಡುವ ಚೀಟಿ. ಆಂಟಿವೈರಸ್ ಕಂಪನಿಗಳ ಸೈಟ್‌ಗಳ ಹೆಸರನ್ನು ಅಲ್ಲಿ ಬರೆದು ಎಲ್ಲೂ ಹೋಗದಂತೆ ತಿರುಗಿಸಿಬಿಟ್ಟರೆ, ಉಳಿದೆಲ್ಲ ಸೈಟ್ ತೆರೆಯುತ್ತವೆ, ನಿಮಗೆ ಬೇಕಾದ ಆ ನಾಲ್ಕು ಮಾತ್ರ ತೆರೆಯುವುದಿಲ್ಲ. ಇಂಥ ಅನುಭವ ಆದರೆ ಮಾಲ್‌ವೇರ್ ಇದೆ ಎಂದೇ ಲೆಕ್ಕ.

ಹೊರಗಿನಿಂದ ನೋಡುವುದು

ಒಳಗಿನ ಸಾಕ್ಷಿ ನಂಬುವಂತಿಲ್ಲ ಎಂದಮೇಲೆ ಹೊರಗಿನಿಂದ ನೋಡಬೇಕು. ಅದಕ್ಕೆ ಮೂರು ಮೆಟ್ಟಿಲುಗಳಿವೆ.

ಎಲ್ಲಕ್ಕಿಂತ ಸುಲಭದ್ದು ಸೇಫ್ ಮೋಡ್. ಅತಿ ಅಗತ್ಯದ ಭಾಗಗಳನ್ನಷ್ಟೇ ಎಬ್ಬಿಸಿ ವಿಂಡೋಸ್ ಏಳುತ್ತದೆ, ಹೆಚ್ಚಿನ ಮಾಲ್‌ವೇರ್ ಮಲಗಿಯೇ ಇರುತ್ತದೆ. ಶಿಫ್ಟ್ ಹಿಡಿದುಕೊಂಡು ರೀಸ್ಟಾರ್ಟ್ ಒತ್ತಿದರೆ ನೀಲಿ ಪರದೆಯ ಆಯ್ಕೆಗಳು ಬರುತ್ತವೆ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟ್‌ಅಪ್ ಸೆಟ್ಟಿಂಗ್ಸ್ ದಾಟಿ ರೀಸ್ಟಾರ್ಟ್ ಆದಮೇಲೆ 4 ಒತ್ತಬೇಕು. ವಿಂಡೋಸ್ ಏಳುವುದೇ ಇಲ್ಲವೆಂದರೆ, ಏಳುತ್ತಿರುವಾಗಲೇ ಪವರ್ ಬಟನ್ ಹಿಡಿದು ಎರಡು ಮೂರು ಸಲ ಆರಿಸಿದರೆ ಅದೇ ನೀಲಿ ಪರದೆ ತಾನಾಗಿ ಬರುತ್ತದೆ. ಸೇಫ್ ಮೋಡ್‌ನಲ್ಲಿ ಕಂಪ್ಯೂಟರ್ ಚುರುಕಾಗಿ ನಡೆದರೆ ತೊಂದರೆ ಸಾಫ್ಟ್‌ವೇರ್‌ನದು. ಅಲ್ಲೂ ತೆವಳಿದರೆ ಡಿಸ್ಕ್ ನೋಡಿಸಿ.

ಎರಡನೆಯದು ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್. ಬಹಳ ಜನಕ್ಕೆ ಇದು ಇರುವುದೇ ಗೊತ್ತಿಲ್ಲ, ವಿಂಡೋಸ್ 10 ಮತ್ತು 11ರಲ್ಲಿ ಜೊತೆಗೇ ಬರುತ್ತದೆ. ವಿಂಡೋಸ್ ಸೆಕ್ಯುರಿಟಿಯಲ್ಲಿ ಸ್ಕ್ಯಾನ್ ಆಪ್ಷನ್ಸ್ ತೆರೆದರೆ ಕೊನೆಯ ಆಯ್ಕೆಗಳಲ್ಲಿ ಸಿಗುತ್ತದೆ. ಒತ್ತಿದರೆ ಕಂಪ್ಯೂಟರ್ ಆರಿ, ವಿಂಡೋಸ್ ಏಳುವ ಮೊದಲೇ ಬೇರೊಂದು ಪುಟ್ಟ ಪರಿಸರದಲ್ಲಿ ಸುಮಾರು ಹದಿನೈದು ನಿಮಿಷ ಹುಡುಕುತ್ತದೆ. ಮಾಲ್‌ವೇರ್ ಎದ್ದಿಲ್ಲದ ಹೊತ್ತಿನಲ್ಲಿ ಹುಡುಕುವುದರಿಂದ ಅದಕ್ಕೆ ಅಡಗುವುದು ಕಷ್ಟ. ಸೈಬರ್ ಭದ್ರತೆ ನೋಡಿಕೊಳ್ಳುವ ನಮ್ಮ ದೇಶದ ಸರ್ಟ್-ಇನ್ ಸಂಸ್ಥೆ 2017ರ ಫೆಬ್ರವರಿಯಲ್ಲಿ ಶುರುಮಾಡಿದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲೂ ಭಾರತದ ಆಂಟಿವೈರಸ್ ಕಂಪನಿಗಳು ಕೊಟ್ಟ ಉಚಿತ ಸಾಧನಗಳಿವೆ. ಯಾವುದನ್ನೇ ಇಳಿಸಿಕೊಂಡರೂ ಬೇರೆ ಒಳ್ಳೆಯ ಕಂಪ್ಯೂಟರ್‌ನಿಂದ, ಅದರದೇ ಅಧಿಕೃತ ತಾಣದಿಂದ ಇಳಿಸಿಕೊಳ್ಳಿ.

ಮೂರನೆಯದು ನನ್ನ ಅಚ್ಚುಮೆಚ್ಚಿನದು, ಫೈಲ್ ಉಳಿಸಿಕೊಳ್ಳಲು ಇದಕ್ಕಿಂತ ನೆಮ್ಮದಿಯ ದಾರಿ ಇಲ್ಲ: ಲಿನಕ್ಸ್ ಪೆನ್‌ಡ್ರೈವ್. ಲಿನಕ್ಸ್ ಎಂದರೆ ವಿಂಡೋಸ್‌ನ ಹಾಗೆಯೇ ಕಂಪ್ಯೂಟರ್ ನಡೆಸುವ, ಪುಕ್ಕಟೆ ಸಿಗುವ ವ್ಯವಸ್ಥೆ. ಅದರ ಬಗೆಗಳಾದ ಉಬುಂಟು ಅಥವಾ ಲಿನಕ್ಸ್ ಮಿಂಟ್ ಅನ್ನು ಬೇರೆ ಕಂಪ್ಯೂಟರ್‌ನಲ್ಲಿ ಇಳಿಸಿಕೊಂಡು, ರೂಫಸ್‌ನಂಥ ಸಾಧನದಿಂದ 8 ಜಿಬಿ ಪೆನ್‌ಡ್ರೈವ್‌ಗೆ ಬರೆದುಕೊಳ್ಳಿ. ಕಾಯಿಲೆಯ ಕಂಪ್ಯೂಟರ್‌ಗೆ ಅದನ್ನು ಹಾಕಿ ಆ ಪೆನ್‌ಡ್ರೈವ್‌ನಿಂದಲೇ ಎಬ್ಬಿಸಿ. ಏನನ್ನೂ ಇನ್‌ಸ್ಟಾಲ್ ಮಾಡದೆ, ಬರೀ ಪ್ರಯತ್ನಿಸಿ ನೋಡುವ ಆಯ್ಕೆ ಇರುತ್ತದೆ. ಆಗ ನಿಮ್ಮ ವಿಂಡೋಸ್ ಎಂಬುದು ಎದ್ದು ಓಡಾಡುವ ಯಜಮಾನನಲ್ಲ, ಡಿಸ್ಕಿನ ಮೇಲೆ ಸುಮ್ಮನೆ ಬಿದ್ದಿರುವ ಫೈಲ್‌ಗಳ ರಾಶಿ. ವಿಂಡೋಸ್‌ಗೆಂದು ಬರೆದ ಮಾಲ್‌ವೇರ್ ಅಲ್ಲಿ ಓಡಲಾರದು. ಈಗ ಬ್ಯಾಕಪ್ ಡಿಸ್ಕ್ ಚುಚ್ಚಬಹುದು, ಫೋಟೊ ನಕಲು ಮಾಡಬಹುದು. ಅದಕ್ಕೂ ಖಾಲಿ ಡಿಸ್ಕ್ ಬಳಸಿ, ಹಳೆಯ ಬ್ಯಾಕಪ್ ಇರುವುದನ್ನಲ್ಲ.

ಇಲ್ಲಿ ಒಂದು ಮುಳ್ಳು ಇದೆ. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಬೀಗ ತಾನಾಗಿಯೇ ಬಿದ್ದಿರುತ್ತದೆ. ಲಿನಕ್ಸ್‌ನಿಂದ ನೋಡಿದರೆ ಡ್ರೈವ್ ತೆರೆಯುವುದಿಲ್ಲ, 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಆ ಕೀ ಸಾಮಾನ್ಯವಾಗಿ ಆ ಲ್ಯಾಪ್‌ಟಾಪ್‌ಗೆ ಹಾಕಿದ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ, ಫೋನಿನಿಂದ ಲಾಗಿನ್ ಆಗಿ ನೋಡಬಹುದು. ಕಂಪ್ಯೂಟರ್ ಚೆನ್ನಾಗಿರುವಾಗಲೇ ಈ ಕೀಯನ್ನು ಒಂದು ಹಾಳೆಗೆ ಬರೆದು ಮನೆಪತ್ರಗಳ ಜೊತೆ ಇಟ್ಟುಕೊಳ್ಳಿ. ಖಾತೆಯ ಪಾಸ್‌ವರ್ಡೂ ಮರೆತು, ಕೀಯೂ ಇಲ್ಲದೆ, ಡಿಸ್ಕ್ ಚೆನ್ನಾಗಿದ್ದೂ ಫೈಲ್ ಕಳೆದುಕೊಂಡವರನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗಿದೆ.

ನಕಲು ಮಾಡುವಾಗ ಫೋಟೊ, ವಿಡಿಯೊ, ದಾಖಲೆ, ಲೆಕ್ಕಪತ್ರ ಇಷ್ಟನ್ನೇ ತೆಗೆದುಕೊಳ್ಳಿ. ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿರುವ ಸೆಟಪ್ ಫೈಲ್‌ಗಳು, ಡಾಟ್ ಇಎಕ್ಸ್‌ಇ ಎಂದು ಮುಗಿಯುವ ಎಲ್ಲವೂ, ಯಾರು ಕಳಿಸಿದರೋ ನೆನಪಿಲ್ಲದ ಜಿಪ್‌ಗಳು ಅಲ್ಲೇ ಇರಲಿ. ರೋಗದ ಬೀಜ ಇರುವುದು ಹೆಚ್ಚಾಗಿ ಅವುಗಳಲ್ಲೇ.

ಫಾರ್ಮ್ಯಾಟ್ ಹೊಡೆಯುವುದು

ಫೈಲ್‌ಗಳು ಹೊರಗೆ ಬಂದವು. ಇನ್ನು ಕಂಪ್ಯೂಟರ್ ಶುಚಿ ಮಾಡುವುದೋ, ಪೂರ್ತಿ ಒರೆಸಿ ಹೊಸದಾಗಿ ವಿಂಡೋಸ್ ಹಾಕುವುದೋ? ಬ್ರೌಸರ್‌ಗೆ ಅಂಟಿದ ಜಾಹೀರಾತು, ಬೇಡದ ಟೂಲ್‌ಬಾರ್ ಇಂಥದ್ದಕ್ಕೆ ಶುಚಿ ಸಾಕು. ಆದರೆ ಪಾಸ್‌ವರ್ಡ್ ಕದಿಯುವ, ಫೈಲ್ ಬೀಗ ಹಾಕುವ, ಆಂಟಿವೈರಸ್ ಆರಿಸುವ ಜಾತಿಯದ್ದಾದರೆ ನಾನು ಎರಡನೇ ಮಾತಿಲ್ಲದೆ ಒರೆಸುತ್ತೇನೆ. ಎರಡು ದಿನ ಕೂತು ಒಂದೊಂದೇ ಗೆಡ್ಡೆ ಹುಡುಕಿ ತೆಗೆದಮೇಲೂ "ಇನ್ನೊಂದು ಉಳಿದಿದೆಯೇನೋ" ಎಂಬ ಅನುಮಾನ ಹೋಗುವುದಿಲ್ಲ. ಹೊಸದಾಗಿ ಹಾಕಲು ಒಂದೆರಡು ಗಂಟೆ ಸಾಕು, ಅನುಮಾನವೂ ಉಳಿಯದು.

ವಿಂಡೋಸ್‌ನಲ್ಲೇ ರೀಸೆಟ್ ಎಂಬ ಆಯ್ಕೆ ಇದೆ. ನಿಮ್ಮ ಫೈಲ್‌ಗಳನ್ನು ಉಳಿಸಿಕೊಂಡು ಪ್ರೋಗ್ರಾಂಗಳನ್ನು ಮಾತ್ರ ತೆಗೆಯುವುದು ಒಂದು, ಎಲ್ಲ ಅಳಿಸುವುದು ಇನ್ನೊಂದು. ಮಾಲ್‌ವೇರ್ ಇದ್ದಾಗ ಎರಡನೆಯದನ್ನೇ ಆರಿಸಿ. ಅದರಲ್ಲೂ ಕ್ಲೌಡ್ ಡೌನ್‌ಲೋಡ್ ಎಂದು ಕೊಟ್ಟರೆ ಡಿಸ್ಕಿನ ಮೇಲಿನ ಹಳೆಯ ಪ್ರತಿ ಬಿಟ್ಟು ಮೈಕ್ರೋಸಾಫ್ಟ್‌ನಿಂದ ಹೊಸದನ್ನು ತರುತ್ತದೆ, ಸುಮಾರು 4 ಜಿಬಿ ಡೇಟಾ ಬೇಕಾಗುತ್ತದೆ. ಇನ್ನೂ ಗಟ್ಟಿಯಾದ ದಾರಿ, ಬೇರೆ ಕಂಪ್ಯೂಟರ್‌ನಲ್ಲಿ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ಪೆನ್‌ಡ್ರೈವ್ ಮಾಡಿಕೊಂಡು, ಅದರಿಂದ ಎಬ್ಬಿಸಿ, ಹಳೆಯ ಪಾರ್ಟಿಷನ್‌ಗಳನ್ನು ಅಳಿಸಿ ಹಾಕುವುದು. ಅಸಲಿ ವಿಂಡೋಸ್ ಜೊತೆ ಬಂದ ಯಂತ್ರವಾದರೆ ಮತ್ತೆ ಕೀ ಕೊಳ್ಳಬೇಕಿಲ್ಲ. ಪರವಾನಗಿ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ, ನೆಟ್ ಸಿಕ್ಕೊಡನೆ ತಾನೇ ಸಕ್ರಿಯವಾಗುತ್ತದೆ.

ಅಂಗಡಿಗೆ ಕೊಟ್ಟು "ಫಾರ್ಮ್ಯಾಟ್ ಹೊಡೆಸಿದ" ಮೇಲೂ ವಾರದಲ್ಲಿ ವೈರಸ್ ವಾಪಸ್ ಬಂದ ಪ್ರಸಂಗಗಳನ್ನು ನಾನು ಸಾಕಷ್ಟು ಕಂಡಿದ್ದೇನೆ. ಕಾರಣ ಹೆಚ್ಚಾಗಿ ಎರಡು. ಸಿ ಡ್ರೈವ್ ಮಾತ್ರ ಒರೆಸಿ ಡಿ ಡ್ರೈವನ್ನು ಹಾಗೇ ಬಿಟ್ಟಿರುತ್ತಾರೆ, ರೋಗ ತಂದ ಆ ಸೆಟಪ್ ಫೈಲ್ ಡಿ ಡ್ರೈವ್‌ನಲ್ಲಿ ಹಾಯಾಗಿ ಕುಳಿತಿರುತ್ತದೆ, ಮನೆಗೆ ಬಂದಮೇಲೆ ಯಾರೋ ಮತ್ತೆ ಒತ್ತುತ್ತಾರೆ. ಇಲ್ಲವೇ ಹೊಸ ವಿಂಡೋಸ್ ಅನ್ನೇ, ಪರವಾನಗಿ ಇಲ್ಲದಿದ್ದರೂ ಇರುವಂತೆ ಮಾಡುವ ನಕಲಿ ಆಕ್ಟಿವೇಟರ್ ಓಡಿಸಿ ಹಾಕಿರುತ್ತಾರೆ, ಆ ಆಕ್ಟಿವೇಟರ್ ಕೆಲಸ ಮಾಡಲೆಂದು ಡಿಫೆಂಡರನ್ನು ಆರಿಸಿರುತ್ತಾರೆ. ಮನೆ ತೊಳೆದು ಬಾಗಿಲು ತೆರೆದಿಟ್ಟು ಬಂದ ಹಾಗೆ. ಇನ್ನೂ ನೋವಿನ ವಿಷಯ: ನಮ್ಮ ಜನ ಎಲ್ಲವನ್ನೂ ಇಡುವುದು ಡೆಸ್ಕ್‌ಟಾಪ್ ಮೇಲೆ, ಆ ಡೆಸ್ಕ್‌ಟಾಪ್ ಇರುವುದು ಸಿ ಡ್ರೈವ್‌ನಲ್ಲಿ. "ಡಿ ಡ್ರೈವ್ ಮುಟ್ಟಲ್ಲ, ಏನೂ ಹೋಗಲ್ಲ" ಎಂಬ ಮಾತು ನಂಬಿ ಮಗಳ ಮದುವೆಯ ಆಲ್ಬಂ ಕಳೆದುಕೊಂಡವರಿದ್ದಾರೆ. ಕೊಡುವ ಮುಂಚೆ ಬಾಯಿಬಿಟ್ಟು ಕೇಳಿ: ಡೆಸ್ಕ್‌ಟಾಪ್ ಬ್ಯಾಕಪ್ ತೆಗೀತೀರಾ, ವಿಂಡೋಸ್ ಅಸಲಿ ಹಾಕ್ತೀರಾ?

"ವೈರಸ್ ಹಾರ್ಡ್‌ಡಿಸ್ಕ್‌ಗೇ ಹತ್ತಿದೆ, ಡಿಸ್ಕ್ ಬದಲಿಸಬೇಕು" ಎಂದರೆ ಒಪ್ಪಬೇಡಿ. ಮದರ್‌ಬೋರ್ಡಿನ ಚಿಪ್‌ನಲ್ಲೇ ಅಡಗುವ ಮಾಲ್‌ವೇರ್ ಇಲ್ಲವೆಂದಲ್ಲ. 2018ರಲ್ಲಿ ಇಸೆಟ್ ಕಂಪನಿಯವರು ಲೋಜ್ಯಾಕ್ಸ್ ಎಂಬುದನ್ನು ಹಿಡಿದಿದ್ದರು. ಅದು ಸರ್ಕಾರಿ ಸಂಸ್ಥೆಗಳಂಥ ದೊಡ್ಡ ಗುರಿಗಳಿಗೆ ಇಟ್ಟ ಬಾಣ, ನಮ್ಮ ನಿಮ್ಮ ಮನೆಗೆ ಬರುವಂಥದ್ದಲ್ಲ. ಮನೆಯ ಕಂಪ್ಯೂಟರ್ ಪೂರ್ತಿ ಒರೆಸಿದರೆ ಗುಣವಾಗುತ್ತದೆ.

ಕನ್ನಡದ ಮನೆಗಳಲ್ಲಿ ಒರೆಸಿದ ಮಾರನೆಯ ದಿನ ಬರುವ ಇನ್ನೊಂದು ಫೋನ್ ನನಗೆ ಚೆನ್ನಾಗಿ ಗೊತ್ತು. "ಫೈಲೆಲ್ಲ ವಾಪಸ್ ಬಂತು, ಆದ್ರೆ ಕನ್ನಡ ಎಲ್ಲ ವೈರಸ್ ತಿಂದುಬಿಟ್ಟಿದೆ!" ಪತ್ರ ತೆರೆದರೆ ತಲೆಯ ಮೇಲೆ ಚುಕ್ಕಿ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ. ವೈರಸ್ ಏನೂ ತಿಂದಿಲ್ಲ. ಹಳೆಯ ನುಡಿ, ಬರಹ ತಂತ್ರಾಂಶಗಳಲ್ಲಿ ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ ಫಾಂಟ್ ಬಳಸಿ ಟೈಪ್ ಮಾಡಿದ ಫೈಲ್ ಒಳಗೆ ಇರುವುದೇ ಆ ಇಂಗ್ಲಿಷ್ ಸಂಕೇತಗಳು. ಅವಕ್ಕೆ ಕನ್ನಡದ ರೂಪ ತೊಡಿಸುತ್ತಿದ್ದದ್ದು ಫಾಂಟ್, ಅದು ಫಾರ್ಮ್ಯಾಟ್‌ನಲ್ಲಿ ಹೋಗಿದೆ. ನುಡಿ ತಂತ್ರಾಂಶ ಮತ್ತೆ ಹಾಕಿದರೆ ಕನ್ನಡ ವಾಪಸ್ ಬರುತ್ತದೆ. ಬಂದಮೇಲೆ ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಿಸಿಟ್ಟರೆ ಈ ಗಾಬರಿ ಮತ್ತೆ ಇರುವುದಿಲ್ಲ. ಹಾಳಾಯಿತು ಎಂದುಕೊಂಡು ಇಂಥ ಫೈಲ್‌ಗಳನ್ನು ಅಳಿಸಿದವರೂ ಇದ್ದಾರೆ, ದಯವಿಟ್ಟು ಅಳಿಸಬೇಡಿ.

ಕದ್ದದ್ದು ವಾಪಸ್ ಬರದು

ಕಂಪ್ಯೂಟರ್ ಹೊಸದರಂತಾದರೂ ಅದರಿಂದ ಆಗಲೇ ಹೊರಗೆ ಹೋದ ಪಾಸ್‌ವರ್ಡ್‌ಗಳು ಹೊರಗೇ ಇವೆ. ಈ ಭಾಗವನ್ನು ಅಂಗಡಿಯವರು ಹೇಳುವುದಿಲ್ಲ. ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನೆಲ್ಲ ಸೆಕೆಂಡುಗಳಲ್ಲಿ ಗುಡಿಸಿಕೊಂಡು ಹೋಗುವ ಮಾಲ್‌ವೇರ್ ಇಂದು ಬಹಳ ಮಾಮೂಲು. ಪಾಸ್‌ವರ್ಡನ್ನಷ್ಟೇ ಅಲ್ಲ, ಕುಕಿಗಳನ್ನೂ ಒಯ್ಯುತ್ತದೆ.

ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟಾಗ ಒಂದು ಟೋಕನ್ ಕೊಡುತ್ತಾರಲ್ಲ, ಹೊರಬಂದು ಟೋಕನ್ ಕೊಟ್ಟರೆ ಚಪ್ಪಲಿ ಸಿಗುತ್ತದೆ, ನೀವು ಯಾರೆಂದು ಯಾರೂ ಕೇಳುವುದಿಲ್ಲ. ಕುಕಿ ಅಂಥ ಟೋಕನ್. ಒಮ್ಮೆ ಪಾಸ್‌ವರ್ಡ್, ಒಟಿಪಿ ಎಲ್ಲ ಕೊಟ್ಟು ಒಳಗೆ ಹೋದಮೇಲೆ ಸೈಟ್ ಅದನ್ನು ನಿಮ್ಮ ಬ್ರೌಸರ್ ಕೈಗೆ ಕೊಡುತ್ತದೆ. ಅದು ಕಳ್ಳನ ಕೈಗೆ ಸಿಕ್ಕರೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. "ಒಟಿಪಿ ಬರಲೇ ಇಲ್ಲ, ಆದರೂ ನನ್ನ ಮೇಲ್‌ಗೆ ಹೇಗೆ ನುಗ್ಗಿದರು?" ಎಂದು ಕೇಳುವವರಿಗೆ ಬಹಳ ಸಲ ಉತ್ತರ ಇದೇ.

ಆದ್ದರಿಂದ ಫೋನಿನಿಂದಲೋ ಬೇರೆ ಕಂಪ್ಯೂಟರ್‌ನಿಂದಲೋ, ಕಾಯಿಲೆಯ ಯಂತ್ರ ಗುಣವಾಗುವವರೆಗೂ ಕಾಯದೆ, ಮೊದಲು ಇಮೇಲ್ ಪಾಸ್‌ವರ್ಡ್ ಬದಲಿಸಿ. ಬ್ಯಾಂಕಿನದಕ್ಕಿಂತ ಇದು ಮೊದಲೇಕೆ ಅಂದರೆ, ಬೇರೆ ಖಾತೆಗಳ "ಪಾಸ್‌ವರ್ಡ್ ಮರೆತೆ" ಪತ್ರ ಬರುವುದು ಅಲ್ಲಿಗೇ. ಜೊತೆಗೆ ಎಲ್ಲ ಸಾಧನಗಳಿಂದಲೂ ಲಾಗೌಟ್ ಮಾಡುವ ಆಯ್ಕೆ ಒತ್ತಿ, ಹಳೆಯ ಟೋಕನ್‌ಗಳು ರದ್ದಾಗುತ್ತವೆ. ರಿಕವರಿ ಫೋನ್ ನಂಬರ್ ನಿಮ್ಮದೇ ಇದೆಯಾ, ಗೊತ್ತಿಲ್ಲದ ವಿಳಾಸಕ್ಕೆ ಮೇಲ್ ಫಾರ್ವರ್ಡ್ ಆಗುತ್ತಿದೆಯಾ ನೋಡಿ. ಆಮೇಲೆ ಬ್ಯಾಂಕ್, ಉಳಿದವು. ಹಣ ಆಗಲೇ ಹೋಗಿದ್ದರೆ ಬೇರೆಲ್ಲ ಬಿಟ್ಟು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ಹಣ ಮುಂದೆ ಸಾಗುವ ಮೊದಲೇ ತಡೆಯುವ ಅವಕಾಶ ಹೆಚ್ಚು.

ಮಾವನ ಮನೆಯಲ್ಲಿ ಆದದ್ದು

ತುಮಕೂರಿಗೆ ಹೋಗಿ ಲಿನಕ್ಸ್ ಪೆನ್‌ಡ್ರೈವ್‌ನಿಂದ ಎಬ್ಬಿಸಿ ನೋಡಿದೆ. ಪ್ರತಿ ಫೋಟೊದ ಹೆಸರಿನ ಕೊನೆಗೆ ನಾಲ್ಕಕ್ಷರದ ಒಂದು ಬಾಲ ಅಂಟಿತ್ತು, ಪ್ರತಿ ಫೋಲ್ಡರ್‌ನಲ್ಲಿ ರೀಡ್‌ಮಿ ಎಂಬ ಒಂದು ಚೀಟಿ: ಬೀಗದ ಕೈಗೆ 980 ಡಾಲರ್, 72 ಗಂಟೆಯೊಳಗಾದರೆ 490. ಫೈಲ್‌ಗಳಿಗೆ ಬೀಗ ಹಾಕಿ ಬಿಡಿಸಲು ದುಡ್ಡು ಕೇಳುವ ಮಾಲ್‌ವೇರ್‌ಗೆ ರಾನ್ಸಮ್‌ವೇರ್ ಎನ್ನುತ್ತಾರೆ; ಅದರಲ್ಲಿ ಸ್ಟಾಪ್ ಅಥವಾ ಡೆಜಾವು ಎಂದು ಕರೆಯುವ ಕುಟುಂಬದ ರುಜು ಇದು. ದೊಡ್ಡ ಕಂಪನಿಗಳನ್ನು ಬಿಟ್ಟು ಮನೆಯವರನ್ನೇ ಹಿಡಿಯುವ ಜಾತಿ. ಬರುವ ದಾರಿಯೂ ಹೆಚ್ಚಾಗಿ ಒಂದೇ, ಕ್ರ್ಯಾಕ್ ಮಾಡಿದ, ಅಂದರೆ ದುಡ್ಡು ಕೊಡದೆ ಓಡುವಂತೆ ತಿದ್ದಿದ ಸಾಫ್ಟ್‌ವೇರ್. ಹಿಂದಿನ ರಾತ್ರಿ ಮಾವನ ಮಗ ನಾಮಕರಣದ ವಿಡಿಯೊ ಎಡಿಟ್ ಮಾಡಲೆಂದು ಒಂದು ದುಬಾರಿ ಸಾಫ್ಟ್‌ವೇರ್‌ನ ಕ್ರ್ಯಾಕ್ ಇಳಿಸಿದ್ದ. ಆಂಟಿವೈರಸ್ ಆಫ್ ಮಾಡಿ ಎಂದು ಅದರಲ್ಲಿ ಬರೆದಿತ್ತು, ಮಾಡಿದ್ದ. ವಿಂಡೋಸ್ ಅಪ್‌ಡೇಟ್ ಆಗುತ್ತಿದೆ ಎಂಬ ಕಿಟಕಿ ಬಂತು, ಆಗಲಿ ಎಂದು ಮಲಗಿದ್ದ. ಆ ಕಿಟಕಿ ನಕಲಿ. ಅದರ ಹಿಂದೆ ಫೈಲ್‌ಗಳಿಗೆ ಬೀಗ ಬೀಳುತ್ತಿತ್ತು. ಹುಡುಗನನ್ನು ಬೈಯುವಂತಿರಲಿಲ್ಲ, ಮನೆಯವರಿಗಾಗಿಯೇ ಮಾಡಹೊರಟಿದ್ದ. ಶಾಟ್‌ಕಟ್, ಡಾವಿಂಚಿ ರಿಸಾಲ್ವ್‌ನಂಥ ವಿಡಿಯೊ ಎಡಿಟ್ ಮಾಡುವ ಸಾಫ್ಟ್‌ವೇರ್‌ಗಳು ಪುಕ್ಕಟೆ ಸಿಗುತ್ತವೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಟಾಸ್ಕ್ ಶೆಡ್ಯೂಲರ್‌ನಲ್ಲಿ ಈ ಜಾತಿ ಟೈಮ್ ಟ್ರಿಗರ್ ಟಾಸ್ಕ್ ಎಂಬ ಹೆಸರಲ್ಲಿ ಗೆಡ್ಡೆ ನೆಡುತ್ತದೆ, ಐದೈದು ನಿಮಿಷಕ್ಕೆ ಎದ್ದು ಹೊಸ ಫೈಲ್ ಸಿಕ್ಕರೆ ಬೀಗ ಹಾಕುತ್ತದೆ. ಆವತ್ತು ಬೆಳಿಗ್ಗೆ ಮಾವ ಆ ಹಳೆಯ ಹಾರ್ಡ್‌ಡಿಸ್ಕ್ ಚುಚ್ಚಿದ್ದರೆ ಐದು ನಿಮಿಷದಲ್ಲಿ ಅದರ ಸರದಿಯೂ ಶುರುವಾಗುತ್ತಿತ್ತು.

ಬೀಗ ತೆಗೆಯಬಹುದೇ? ಹೆಸರಿನ ಬಾಲ ಅಳಿಸಿದರೆ ಏನೂ ಆಗದು, ಬೀಗ ಇರುವುದು ಒಳಗೆ. ದುಡ್ಡು ಕಟ್ಟಿದರೆ ಕೀಲಿ ಕೊಟ್ಟೇ ಕೊಡುತ್ತಾರೆ ಎಂಬ ಭರವಸೆಯೂ ಇಲ್ಲ. ನೋಡಬೇಕಾದದ್ದು, ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್, ಡಚ್ ಪೊಲೀಸ್ ಮತ್ತು ಭದ್ರತಾ ಕಂಪನಿಗಳು ಸೇರಿ 2016ರಲ್ಲಿ ಶುರುಮಾಡಿದ ನೋ ಮೋರ್ ರಾನ್ಸಮ್ ಎಂಬ ತಾಣ. ಬೀಗ ಬಿದ್ದ ಒಂದೆರಡು ಫೈಲನ್ನೂ ಚೀಟಿಯನ್ನೂ ಕೊಟ್ಟರೆ ಯಾವ ಜಾತಿಯೆಂದು ಗುರುತಿಸಿ, ಉಚಿತ ಕೀಲಿ ಇದ್ದರೆ ತೋರಿಸುತ್ತದೆ. ಸ್ಟಾಪ್ ಜಾತಿಗೆ ಎಮ್ಸಿಸಾಫ್ಟ್ ಕಂಪನಿ 2019ರ ಅಕ್ಟೋಬರ್‌ನಲ್ಲಿ ಉಚಿತ ಸಾಧನ ಬಿಟ್ಟಿತು, ಆ ಕುಟುಂಬದ 148 ಬಗೆಗಳಿಗೆ ಅನ್ವಯಿಸುವಂತೆ. ಅದೇ ವರ್ಷದ ಆಗಸ್ಟ್ ನಂತರ ಬಂದ ಹೊಸ ಬಗೆಗಳಲ್ಲಿ ಮಾತ್ರ ಒಂದು ಷರತ್ತು ಇದೆ. ಬೀಗ ಹಾಕುವ ಹೊತ್ತಿಗೆ ಕಳ್ಳರ ಸರ್ವರ್ ಸಿಕ್ಕರೆ ಪ್ರತಿ ಮನೆಗೂ ಬೇರೆ ಕೀಲಿ, ಅದು ಹೊರಗಿನವರಿಗೆ ಸಿಗದು. ಸರ್ವರ್ ಸಿಗದಿದ್ದರೆ ಜೊತೆಗೇ ತಂದ ಒಂದು ಸಾಮಾನ್ಯ ಕೀಲಿ ಬಳಸುತ್ತದೆ, ಆ ಬಗೆಗೆ ಸಿಲುಕಿದ ಇಂಥವರಿಗೆಲ್ಲ ಅದೇ ಕೀಲಿ. ಅದು ಒಮ್ಮೆ ಹೊರಗೆ ಬಂತೆಂದರೆ ಎಲ್ಲರ ಬೀಗವೂ ತೆರೆಯುತ್ತದೆ. ಚೀಟಿಯ ತಳದಲ್ಲಿರುವ ಗುರುತಿನ ಸಾಲು ಟಿ1 ಎಂದು ಮುಗಿದರೆ ಅದು ಸಾಮಾನ್ಯ ಕೀಲಿ.

ಮಾವನ ಚೀಟಿ ಟಿ1 ಎಂದೇ ಮುಗಿದಿತ್ತು. ಆದರೆ ಆವತ್ತಿಗೆ ಆ ಬಗೆಯ ಕೀಲಿ ಸಿಕ್ಕಿರಲಿಲ್ಲ. ಬೀಗ ಬಿದ್ದ ಫೋಟೊಗಳನ್ನು, ಚೀಟಿಯ ಸಮೇತ, ಒಂದು ಖಾಲಿ ಡಿಸ್ಕಿಗೆ ನಕಲು ಮಾಡಿ, ಸಿ ಮತ್ತು ಡಿ ಎರಡೂ ಡ್ರೈವ್ ಒರೆಸಿ ಹೊಸದಾಗಿ ವಿಂಡೋಸ್ ಹಾಕಿದೆ. ಮಕ್ಕಳಿಗೆ ಬೇರೆ ಸ್ಟ್ಯಾಂಡರ್ಡ್ ಖಾತೆ ಮಾಡಿದೆ, ಸಿಸ್ಟಂ ಮುಟ್ಟುವಂಥದ್ದನ್ನು ಹಾಕಬೇಕಾದರೆ ಮಾವನ ಪಾಸ್‌ವರ್ಡ್ ಕೇಳುತ್ತದೆ. ಆ ಜಾತಿ ಪಾಸ್‌ವರ್ಡ್ ಕಳ್ಳರನ್ನೂ ಜೊತೆಗೆ ಕರೆತರುವುದರಿಂದ ಮನೆಯವರೆಲ್ಲ ಅಂದೇ ಫೋನಿನಲ್ಲಿ ಪಾಸ್‌ವರ್ಡ್ ಬದಲಿಸಿದರು. ನಾಮಕರಣದ ಒಂದಿಷ್ಟು ಚಿತ್ರಗಳು ನೆಂಟರ ವಾಟ್ಸಾಪ್‌ನಿಂದ ಸಿಕ್ಕವು. ಡಿಸ್ಕನ್ನು ಅತ್ತೆ ಬೀರುವಿನಲ್ಲಿ ಇಟ್ಟರು.

ಎರಡು ಮೂರು ತಿಂಗಳಿಗೊಮ್ಮೆ ಆ ಸಾಧನ ಓಡಿಸಿ ನೋಡುತ್ತಿದ್ದೆ. ಏಳನೇ ತಿಂಗಳು ಕೀಲಿ ಸಿಕ್ಕಿತು. ಸಾವಿರದ ಮುನ್ನೂರು ಚಿಲ್ಲರೆ ಫೋಟೊಗಳು ಒಂದೊಂದಾಗಿ ತೆರೆದುಕೊಂಡವು, ಹತ್ತಿಪ್ಪತ್ತು ಮಾತ್ರ ತೆರೆಯಲಿಲ್ಲ. ಈಗ ಆ ಮನೆಯಲ್ಲಿ ತಿಂಗಳ ಮೊದಲ ಭಾನುವಾರ ಮಾವ ಹಾರ್ಡ್‌ಡಿಸ್ಕ್ ಚುಚ್ಚಿ ಫೋಟೊ ನಕಲು ಮಾಡುತ್ತಾರೆ, ಮುಗಿದೊಡನೆ ವೈರು ಕಿತ್ತು ಬೀರುವಿನಲ್ಲಿ ಇಡುವುದು ಅತ್ತೆಯ ಕೆಲಸ.